ಕೊನೆಯ ಹದಿನೇಳು ನಿಮಿಷ

ನಾನು ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡುವ ಕಾಲೇಜು ರಾಬರ್ಟ್‌ಸನ್‌ಪೇಟೆಯ ಬಸ್ ನಿಲ್ದಾಣದಿಂದ ಆಟೋದಲ್ಲಿ ಹತ್ತು ನಿಮಿಷದ ದಾರಿ. ಅದರ ಎರಡನೇ ಮಹಡಿಯಲ್ಲಿ ಒಂದು ಸಭಾಂಗಣವಿದೆ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಅಲ್ಲಿ ನಾನು ಮತ್ತು ವಾಣಿಜ್ಯಶಾಸ್ತ್ರ ಕಲಿಸುವ ನನ್ನ ಗೆಳತಿ ಸಿನಿಮಾ ತೋರಿಸುತ್ತಿದ್ದೆವು. ಚಿತ್ರ ಬಳಗ ಎಂದು ಹೆಸರು. ಇದ್ದದ್ದು ಒಂದು ಪ್ರೊಜೆಕ್ಟರ್, ಕಿಟಕಿಗಳಿಗೆ ಕಟ್ಟಲು ನಾಲ್ಕು ಕಪ್ಪು ಬೆಡ್‌ಶೀಟು, ಮತ್ತು ಹದಿನೈದಿಪ್ಪತ್ತು ವಿದ್ಯಾರ್ಥಿಗಳು. ಅವರಲ್ಲಿ ಅರ್ಧದಷ್ಟು ಜನ ಫ್ಯಾನಿನ ಗಾಳಿಗೆ ಬರುತ್ತಿದ್ದರು. ನಮಗೆ ಬೇಸರವಿರಲಿಲ್ಲ. ಫ್ಯಾನು ಚೆನ್ನಾಗಿತ್ತು.

ಆ ಬಳಗ ನನಗೆ ಯಾಕೆ ಬೇಕಿತ್ತು ಎಂಬುದನ್ನು ಯಾರಿಗೂ ಹೇಳಿರಲಿಲ್ಲ. ಅನುಮತಿ ಪತ್ರದಲ್ಲಿ ‘ವಿದ್ಯಾರ್ಥಿಗಳ ಸೌಂದರ್ಯಪ್ರಜ್ಞೆಯನ್ನು ಬೆಳೆಸುವ ಸಲುವಾಗಿ’ ಎಂದು ಬರೆದಿದ್ದೆ. ನಿಜವೇನೆಂದರೆ, ನನಗೆ ಜನ ಇಷ್ಟ, ಜನರ ಜೊತೆ ಮಾತಾಡುವುದು ಕಷ್ಟ. ತರಗತಿಯಲ್ಲಿ ಪಠ್ಯವಿರುತ್ತದೆ, ಹೇಗೋ ನಡೆಯುತ್ತದೆ. ಉಪನ್ಯಾಸಕರ ಕೊಠಡಿಯಲ್ಲಿ ಪಠ್ಯವಿಲ್ಲ. ಅಲ್ಲಿ ಟಿಫಿನ್ ಡಬ್ಬಿ ತೆರೆದರೆ ಏನು ಪಲ್ಯ ಎಂದು ಕೇಳುತ್ತಾರೆ, ಮುಚ್ಚಿದರೆ ಮದುವೆ ಯಾವಾಗ ಎಂದು ಕೇಳುತ್ತಾರೆ. ಕತ್ತಲೆಯ ಸಭಾಂಗಣದಲ್ಲಿ ಮಾತ್ರ ಇಪ್ಪತ್ತು ಜನರ ನಡುವೆ ಎರಡು ಗಂಟೆ ಬಾಯಿ ಮುಚ್ಚಿಕೊಂಡು ಕೂತರೆ ಅದು ಸಭ್ಯತೆ ಎನಿಸಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಸಿಗುವ ಆ ಎರಡು ಗಂಟೆಯನ್ನು ನಾನು ಜೋಪಾನ ಮಾಡಿಕೊಂಡಿದ್ದೆ.

ಕಳೆದ ವರ್ಷ ಅದಕ್ಕೆ ಸಂಚಕಾರ ಬಂತು. ಉತ್ತರಪತ್ರಿಕೆಗಳ ಕಟ್ಟುಗಳನ್ನು ಇಡಲು ಕಾಲೇಜಿನಲ್ಲಿ ಜಾಗವಿರಲಿಲ್ಲ. ಪ್ರಾಂಶುಪಾಲರ ಕಣ್ಣು ಸಭಾಂಗಣದ ಮೇಲೆ ಬಿತ್ತು. ಅವರು ರಸಾಯನಶಾಸ್ತ್ರದವರು, ಮಾತು ತೂಕ ಮಾಡಿ ಹಾಕುವ ಹೆಂಗಸು. ನನ್ನನ್ನು ಕರೆಸಿ, ಬಳಗ ಉಳಿಯಬೇಕಾದರೆ ಕಾಲೇಜಿನ ಕಡತಕ್ಕೆ ಅದರಿಂದ ಏನಾದರೂ ಸಿಗಬೇಕು ಎಂದರು. ನಮ್ಮ ಊರು ಕಾಲೇಜಿನ ದತ್ತುಗ್ರಾಮ. ದತ್ತು ತೆಗೆದುಕೊಂಡ ಮೇಲೆ ಒಂದು ಬೇವಿನ ಸಸಿ ನೆಟ್ಟದ್ದು ಬಿಟ್ಟರೆ ಬೇರೇನೂ ನಡೆದಿರಲಿಲ್ಲ, ಆ ಸಸಿಯನ್ನು ಮೇಕೆ ತಿಂದಿತ್ತು. ಅಲ್ಲಿನ ಹೆಂಗಸರನ್ನು ಕರೆತಂದು ಹೆಂಗಸರ ಬಗೆಗಿನದೇ ಒಂದು ಸಿನಿಮಾ ತೋರಿಸಿ ಎಂದರು. ಆಮೇಲೆ ಷರತ್ತು ಹೇಳಿದರು.

“ಸಿನಿಮಾ ಮುಗಿಯೋ ಹೊತ್ತಿಗೆ ನಾನು ಬಂದು ಫೋಟೋ ತೆಗೆಸ್ತೀನಿ. ಅಷ್ಟೂ ಕುರ್ಚಿ ತುಂಬಿರಬೇಕು. ಖಾಲಿ ಕಂಡರೆ ಸೋಮವಾರದಿಂದ ಅದು ಗೋಡೌನು. ಆಮೇಲೆ ಬೇಜಾರು ಮಾಡ್ಕೋಬಾರದು.”

ಹಾಗೆ ಹೇಳಲು ಅವರಿಗೆ ಕಾರಣವಿತ್ತು. ಹಿಂದಿನ ಸಲ ನಡೆದ ಒಂದು ವಿಚಾರ ಸಂಕಿರಣದ ದಿನ ಊಟದ ಗಂಟೆ ಹೊಡೆದೊಡನೆ ಸಭೆ ಎದ್ದುಹೋಗಿ, ಫೋಟೋದಲ್ಲಿ ಭಾಷಣಕಾರರೂ ನಲವತ್ತು ಖಾಲಿ ಕುರ್ಚಿಗಳೂ ಮಾತ್ರ ಉಳಿದಿದ್ದವು. ಆ ಫೋಟೋ ಕಡತದಲ್ಲಿ ಇನ್ನೂ ಇದೆ.

ಸಿನಿಮಾ ನನ್ನ ಬಳಿ ಇತ್ತು. ಹಿಮ ಬೀಳುವ ಯಾವುದೋ ದೇಶದ್ದು, ಎಂ.ಎ. ಓದುವಾಗ ಹಾಸ್ಟೆಲ್ಲಿನ ಗೆಳತಿ ಪೆನ್‌ಡ್ರೈವಿನಲ್ಲಿ ಕೊಟ್ಟದ್ದು. ಒಂದು ಗಂಟೆ ಐವತ್ತು ನಿಮಿಷದ ಅಡುಗೂಲಜ್ಜಿ ಕತೆ. ಕೆರೆಯ ದಡದ ಒಂಟಿ ಮನೆಯಲ್ಲಿ ಮೂವರು ಅಕ್ಕತಂಗಿಯರು. ತಾಯಿ ಸಾಯುವಾಗ ಅವರಿಗೆ ಬಿಟ್ಟುಹೋದದ್ದು ತಲೆಯವರೆಗೂ ಮುಚ್ಚುವ ಒಂದೇ ಒಂದು ಕೋಟು. ಕೋಟಿಲ್ಲದೆ ಹೊರಗೆ ಕಾಲಿಟ್ಟರೆ ಚಳಿಗೆ ಸಾವು. ಹಾಗಾಗಿ ಒಂದು ಸಲಕ್ಕೆ ಒಬ್ಬಳೇ ಹೊರಗೆ ಹೋಗಬೇಕು: ದೊಡ್ಡವಳು ಸಂತೆಗೆ, ನಡುವಿನವಳು ನೀರಿಗೆ ಮತ್ತು ಮೇಕೆ ಕರೆಯುವುದಕ್ಕೆ, ಚಿಕ್ಕವಳು ಸಂಜೆ ಕೆರೆದಂಡೆಯಲ್ಲಿ ಹಾಡುವುದಕ್ಕೆ. ಊರಿನವರ ಪಾಲಿಗೆ ಆ ಮನೆಯಲ್ಲಿರುವುದು ಒಬ್ಬಳೇ ಹೆಣ್ಣು. ಅವಳಂಥ ಚತುರೆ, ಶ್ರಮಜೀವಿ, ಹಾಡುಗಾತಿ ಇನ್ನೊಬ್ಬಳಿಲ್ಲ ಎಂದು ಅವರೆಲ್ಲ ಹೊಗಳುತ್ತಾರೆ. ಹಾಗೆ ಹೊಗಳುವವರಲ್ಲಿ ಕೆರೆಯ ಆಚೆ ದಡದ ರಾಜಕುಮಾರನೂ ಒಬ್ಬ.

ಮಾತು ಬಹಳ ಕಡಿಮೆ. ಇರುವ ಮಾತಿಗೆ ಪರದೆಯ ಕೆಳಗೆ ಇಂಗ್ಲಿಷ್ ಸಾಲು ಬರುತ್ತಿತ್ತು, ಅದು ನಮ್ಮೂರಿನವರಿಗೆ ಆಗದು. ನಾನೇ ಕನ್ನಡ ಮಾಡಿ ಮೈಕಿನಲ್ಲಿ ಓದುವುದೆಂದು ತೀರ್ಮಾನಿಸಿದೆ. ಓದುವುದು ಮಾತಾಡಿದಂತೆ ಅಲ್ಲ. ಅದು ನನಗೆ ಬರುತ್ತದೆ. ಹದಿನೈದು ದಿನ ಕೂತು ಬರೆದೆ. ಹನ್ನೊಂದು ಪುಟವಾಯಿತು. ಪ್ರತಿ ಸಾಲಿನ ಎದುರು ಅದು ಬರುವ ನಿಮಿಷ, ಸೆಕೆಂಡು. ಒಂದು ಮಾತಿಗೆ ‘ಮರುಕ’ ಎನ್ನಬೇಕೋ ‘ಕನಿಕರ’ ಎನ್ನಬೇಕೋ ಎಂದು ಎರಡು ದಿನ ಯೋಚಿಸಿದ್ದೆ. ಇದನ್ನು ಹೇಳಲು ಈಗ ಸ್ವಲ್ಪ ನಾಚಿಕೆಯಾಗುತ್ತದೆ.

ಹೆಂಗಸರನ್ನು ಹೊರಡಿಸುವ ಕೆಲಸ ಅಮ್ಮನದಾಯಿತು. ಅವಳು ಊರಿನ ಸ್ತ್ರೀಶಕ್ತಿ ಸಂಘದಲ್ಲಿದ್ದಾಳೆ. ಸಿನಿಮಾದ ಬಗ್ಗೆ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಕತೆಯ ಬಗ್ಗೆ ಒಂದು ಮಾತೂ ಕೇಳದೆ, “ಎಷ್ಟೊತ್ತಿಗೆ ಬಿಡ್ತಾರೆ? ಅದ್ ಯೋಳು ಮೊದ್ಲು” ಎಂದಳು.

ನಮ್ಮೂರಿನಲ್ಲಿ ಯಾವ ಕಾರ್ಯಕ್ರಮವಾದರೂ ಸಂಜೆಯ ಹಾಲಿಗೆ ಅಡ್ಡ ಬರುವಂತಿಲ್ಲ. ಡೈರಿಯಲ್ಲಿ ಐದರಿಂದ ಆರರವರೆಗೆ ಹಾಲು ಹಾಕಿಸಿಕೊಳ್ಳುತ್ತಾರೆ. ಆರಾದರೆ ಬಾಗಿಲು. ಗಂಡಸರು ಯಾಕೆ ಕರೆಯಬಾರದು ಎಂದು ಕೇಳುವವರಿಗೆ ಸೀಮೆಹಸುವಿನ ಸ್ವಭಾವ ಗೊತ್ತಿಲ್ಲ. ದಿನವೂ ಕರೆಯುವ ಕೈಯೇ ಬೇಕು ಅದಕ್ಕೆ. ಬೇರೆ ಕೈ ತಾಗಿದರೆ ಹಾಲನ್ನು ಮೇಲಕ್ಕೆ ಎಳೆದುಕೊಂಡು, ಏನೂ ತಿಳಿಯದ ಹಾಗೆ ಗೋಡೆ ನೋಡುತ್ತ ನಿಲ್ಲುತ್ತದೆ. ನಾನು ಲೆಕ್ಕ ಹಾಕಿ ಹೇಳಿದೆ: ಎರಡಕ್ಕೆ ಶುರು, ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಮುಕ್ತಾಯ, ಊರಿಗೆ ನಲವತ್ತು ನಿಮಿಷ, ನಾಲ್ಕೂವರೆಗೆ ಎಲ್ಲರೂ ಕೊಟ್ಟಿಗೆಯಲ್ಲಿ. ಅಮ್ಮ ಒಪ್ಪಿದಳು. ಸಂಘದವರು ಒಂದು ಟೆಂಪೋ ಮಾತಾಡಿದರು.

ನನ್ನ ಲೆಕ್ಕದಲ್ಲಿ ವೇದಿಕೆ ಕಾರ್ಯಕ್ರಮ ಇರಲಿಲ್ಲ.

ಅದು ಇರುತ್ತದೆಂದು ನನಗೆ ಗೊತ್ತಿರಬೇಕಾಗಿತ್ತು. ಬ್ಯಾನರ್ ಕಟ್ಟಿದ ಮೇಲೆ ವೇದಿಕೆ, ವೇದಿಕೆ ಇದ್ದ ಮೇಲೆ ಮುಖ್ಯ ಅತಿಥಿ. ಪ್ರಾರ್ಥನೆಯಾಯಿತು, ಸ್ವಾಗತವಾಯಿತು. ದೀಪ ಹಚ್ಚಲು ಹೋದರೆ ಫ್ಯಾನಿನ ಗಾಳಿಗೆ ಆರಿತು. ಫ್ಯಾನು ನಿಲ್ಲಿಸಿ ಹಚ್ಚಿದರು. ಸೆಕೆಗೆ ಅತಿಥಿಗಳು ಬೆವೆತು ಫ್ಯಾನು ಹಾಕಿಸಿದರು. ದೀಪ ಮತ್ತೆ ಆರಿತು. ಆಮೇಲೆ ಅವರು ಮಹಿಳೆ ಮತ್ತು ಸಮಯಪ್ರಜ್ಞೆ ಎಂಬ ವಿಷಯದ ಮೇಲೆ ಇಪ್ಪತ್ತೈದು ನಿಮಿಷ ಮಾತಾಡಿದರು. ಪ್ರಾಂಶುಪಾಲರು ಅತಿಥಿಗಳನ್ನು ಕರೆದುಕೊಂಡು ಕಾಫಿಗೆ ಹೋದಾಗ ನನ್ನ ಗಡಿಯಾರದಲ್ಲಿ ಎರಡು ನಲವತ್ತೇಳು. ಮುಗಿಯುವುದು ನಾಲ್ಕು ಮೂವತ್ತೇಳಕ್ಕೆ. ಓಡಿಹೋಗಿ ಅಮ್ಮನ ಕಿವಿಯಲ್ಲಿ ಹೇಳಿದೆ.

ಅವಳು ಪರದೆಯತ್ತಲೇ ನೋಡುತ್ತ, “ನಾಕೂ ಇಪ್ಪತ್ತಕ್ಕೆ ಟೆಂಪೋದವ್ನು ಆರನ್ ಒಡೀತಾನೆ. ಅವಾಗ ನೋಡನ” ಎಂದಳು.

ಮುಂದಿನ ಎರಡು ಸಾಲು ನಮ್ಮೂರಿನ ಮೂವತ್ತೆರಡು ಹೆಂಗಸರದು, ಹಿಂದೆಲ್ಲ ವಿದ್ಯಾರ್ಥಿಗಳು. ಅಮ್ಮನ ಪಕ್ಕದಲ್ಲಿ ನಮ್ಮ ಎದುರುಮನೆಯ ಅಜ್ಜಿ ಕೂತಿತ್ತು. ಸಂಘದಲ್ಲಿ ಎಲ್ಲರಿಗಿಂತ ಹಿರಿಯ ಜೀವ. ಚಿಕ್ಕವಳಿದ್ದಾಗ ನಾನು ಕೇಳಿದ ಕತೆಗಳೆಲ್ಲ ಅದರ ಬಾಯಿಂದ ಬಂದವು. ಹಗಲಲ್ಲಿ ಕತೆ ಹೇಳಿದರೆ ಎಲ್ಲೋ ದಾರಿಯಲ್ಲಿರುವ ಸೋದರಮಾವ ದಾರಿ ತಪ್ಪುತ್ತಾನೆ ಎಂದು ನಮ್ಮ ಕಡೆ ನಂಬುತ್ತಾರೆ, ಅದಕ್ಕೇ ಮಧ್ಯಾಹ್ನದ ಕತೆ ಎಂದಾಗ ಅಜ್ಜಿ ಬರಲು ಹಿಂದೆಮುಂದೆ ನೋಡಿತ್ತು. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಬಿಗಿದಿರುವುದನ್ನು ಕಂಡು ಈಗ ಅದಕ್ಕೆ ಸಮಾಧಾನ. ಕಾಲೇಜಿನವರಿಗೂ ಇದೆಲ್ಲ ಗೊತ್ತಿದೆಯಲ್ಲ ಎಂದು ಅಮ್ಮನಿಗೆ ಹೇಳುತ್ತಿತ್ತು.

ಸಭಾಂಗಣದ ಲೈಟು ಆರಿಸಿದರು. ಗೋಡೆಯ ಪಕ್ಕ ಟಾರ್ಚು ಹಿಡಿದು ನಿಂತು ನಾನು ಮೊದಲ ಸಾಲು ಓದಿದೆ. “ಹಿಮದ ಕೆರೆಯ ದಡದಲ್ಲಿ ಒಂದು ಮನೆಯಿತ್ತು.”

ಮುಂದಿನ ಸಾಲಿನಿಂದ, “ಊಂ.”

ಅದು ಅಜ್ಜಿ. ನಾನು ಎರಡನೇ ಸಾಲು ಓದಿದೆ. “ಆ ಮನೆಯಲ್ಲಿ ಮೂವರು ಅಕ್ಕತಂಗಿಯರಿದ್ದರು.”

“ಊಂ.” ಈ ಸಲ ಏಳೆಂಟು ದನಿ.

ಮೂರನೇ ಸಾಲಿಗೆ ಮೂವತ್ತೆರಡೂ ದನಿ ಸೇರಿದವು. ಹಿಂದಿನ ಸಾಲಿನ ವಿದ್ಯಾರ್ಥಿಗಳು ನಕ್ಕರು. ಲ್ಯಾಪ್‌ಟಾಪ್ ಮುಂದೆ ಕೂತಿದ್ದ ನನ್ನ ಗೆಳತಿ ಗಣಿ ಕಾಲೋನಿ ಕೋರಮಂಡಲ್‌ನವಳು, ಮನೆಯಲ್ಲಿ ತಮಿಳು. ಏನಿದು ಎಂದು ನನ್ನತ್ತ ಕೈ ಆಡಿಸಿದಳು. ನನಗೆ ಗೊತ್ತಿತ್ತು, ಆದರೆ ಮೈಕು ಹಿಡಿದು ವಿವರಿಸುವಂತಿರಲಿಲ್ಲ. ನಮ್ಮಲ್ಲಿ ಯಾರಾದರೂ ಕತೆ ಹೇಳುತ್ತಿದ್ದರೆ ಕೇಳುವವರು ಹೂಂಗುಟ್ಟಬೇಕು. ಹೂಂಗುಟ್ಟದಿದ್ದರೆ ಕೇಳುವವರಿಗೆ ನಿದ್ದೆ ಬಂದಿದೆ ಎಂದರ್ಥ, ಹೇಳುವವರು ಅಲ್ಲಿಗೆ ನಿಲ್ಲಿಸಿ ಎದ್ದು ಹೋಗುತ್ತಾರೆ. ಸಿನಿಮಾ ಥಿಯೇಟರಿನಲ್ಲಿ ಇವರು ಯಾರೂ ಹಾಗೆ ಮಾಡುವುದಿಲ್ಲ. ಅಲ್ಲಿ ಪರದೆ ತನ್ನಷ್ಟಕ್ಕೆ ತಾನೇ ಮಾತಾಡುತ್ತದೆ. ಇಲ್ಲಿ ಪರದೆ ಸುಮ್ಮನಿತ್ತು, ಹೇಳುತ್ತಿದ್ದವಳು ನಾನು. ಊರಿನ ಹುಡುಗಿ ಕಷ್ಟಪಟ್ಟು ಕತೆ ಹೇಳುತ್ತಿರುವಾಗ ಸುಮ್ಮನೆ ಕೂರುವುದು ಅವರಿಗೆ ಮರ್ಯಾದೆ ಎನಿಸಲಿಲ್ಲ.

ಹತ್ತು ನಿಮಿಷದ ಹೊತ್ತಿಗೆ ನನಗೆ ಅದು ಒಗ್ಗಿತು. ತೊಂದರೆ ಶುರುವಾದದ್ದು ಮೇಕೆಯಿಂದ. ನಡುವಿನವಳು ಮೇಕೆ ಕರೆಯುವ ದೃಶ್ಯ ನಾಲ್ಕು ನಿಮಿಷ ಹತ್ತು ಸೆಕೆಂಡು ಇದೆ. ಮಾತಿಲ್ಲ, ಸಂಗೀತವಿಲ್ಲ, ಕ್ಯಾಮೆರಾ ಅಲುಗುವುದಿಲ್ಲ. ಹಾಸ್ಟೆಲ್ಲಿನಲ್ಲಿ ನೋಡುವಾಗ ನಾನು ಆ ದೃಶ್ಯದ ಮೌನಕ್ಕೆ ಮಾರುಹೋಗಿದ್ದೆ. ನನ್ನ ಪುಟದಲ್ಲಿ ಅಲ್ಲಿ ಖಾಲಿ ಜಾಗವಿತ್ತು. ನಾನು ಸುಮ್ಮನಾದೆ. ಹೂಂಗುಟ್ಟಲು ಏನೂ ಇಲ್ಲದೆ ಅವರೂ ಕಾದರು. ಒಂದು ನಿಮಿಷವಾಯಿತು. ಕುರ್ಚಿಗಳು ಕಿರುಗುಟ್ಟಿದವು.

“ಯಾಕ್ ಪಾಪಾ, ಮರ್ತೋಯ್ತಾ?” ಅಜ್ಜಿ ಮೆಲ್ಲಗೆ, ಇಡೀ ಸಭಾಂಗಣಕ್ಕೆ ಕೇಳಿಸುವ ಹಾಗೆ ಕೇಳಿತು. “ಓಗ್ಲಿ ಬುಡು, ಗ್ಯಾಪ್ಕ ಮಾಡ್ಕೊಂಡು ಯೋಳು. ಆಮ್ಯಾಕೆ ಏನಾಯ್ತು?”

ಮರೆತಿಲ್ಲ, ಇಲ್ಲಿ ಮಾತಿಲ್ಲ ಎಂದು ಹೇಳಬಹುದಿತ್ತು. ಬದಲಿಗೆ ನನ್ನ ಬಾಯಿಂದ, “ಮೇಕೆ ಹಾಲು ಕರೀತಾ ಇದ್ದಾಳೆ” ಎಂದು ಬಂತು.

“ಊಂ” ಎಂದರು ಎಲ್ಲರೂ, ನಿಟ್ಟುಸಿರು ಬಿಟ್ಟ ಹಾಗೆ.

ಆದರೆ ಒಂದು ಸಾಲಿನಿಂದ ಮೂರು ನಿಮಿಷ ಸಾಗುವುದಿಲ್ಲ. ಮೇಕೆಯ ಕಾಲು ಕಟ್ಟಿಲ್ಲ, ಈಗ ಒದೆಯುತ್ತದೆ ನೋಡಿ ಎಂದು ಎರಡನೇ ಸಾಲಿನಿಂದ ಯಾರೋ ಎಚ್ಚರಿಸಿದರು. ಅದು ಸಾಧು ಮೇಕೆ ಎಂದೆ. ಎಷ್ಟನೇ ಮರಿ ಹಾಕಿದ್ದು ಎಂದು ಇನ್ನೊಬ್ಬರು. ಎರಡನೆಯದು ಎಂದೆ. ಸಿನಿಮಾದಲ್ಲಿ ಅದು ಎಲ್ಲಿಯೂ ಇಲ್ಲ. ನನ್ನ ಹನ್ನೊಂದು ಪುಟಕ್ಕೆ ಹೊರಗಿನಿಂದ ಸೇರಿದ ಮೊದಲ ಮಾತು ಅದು. ಕತ್ತಲೆಯಾದ್ದರಿಂದ ನನ್ನ ಮುಖ ಯಾರಿಗೂ ಕಾಣಿಸಲಿಲ್ಲ.

ಅಲ್ಲಿಂದ ಮುಂದೆ ಪುಟ ತಿರುಗಿಸುವುದು ಮರೆಯುತ್ತ ಬಂತು. ದೊಡ್ಡವಳು ಸಂತೆಯಲ್ಲಿ ಚೌಕಾಸಿ ಮಾಡುವಾಗ ‘ಕನಿಕರ’ದ ಸಾಲು ಬಂದು ಹೋಗಿಯೇಬಿಟ್ಟಿತು, ನಾನು ಓದಲೇ ಇಲ್ಲ, ಆ ಹೊತ್ತಿಗೆ ಸಂತೆಯ ಮೀನಿನವಳ ಪರವಾಗಿ ನಾನು ಜಗಳವಾಡುತ್ತಿದ್ದೆ. ಕೋಟಿನ ವಿಷಯವನ್ನು ಅವರಿಗೆ ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ಒಬ್ಬಳು ಬಿಚ್ಚಿ ಇನ್ನೊಬ್ಬಳು ತೊಟ್ಟುಕೊಳ್ಳುವುದನ್ನು ನೋಡಿದೊಡನೆ ಅಮ್ಮನ ಹಿಂದೆ ಕೂತಿದ್ದ ಒಬ್ಬ ಹೆಂಗಸು ಪಕ್ಕದಲ್ಲಿದ್ದ ತನ್ನ ವಾರಗಿತ್ತಿಯನ್ನು ತಿವಿದಳು.

“ನಮ್ಮನೇದೇ ಕಣೇ ಇದು. ನಾಕು ಜನ ಸೊಸೇರಿಗೆ ಒಂದೇ ರೇಸ್ಮೆ ಸೀರೆ. ನೀನು ಉಟ್ಕೊಂಡೋದ್ ಮದ್ವೆಗೆ ನಾನು ತಲೆನೋವು ಅಂತ ಮನ್ಗಿರ್ತಿದ್ದೆ.”

“ನೀನು ಉಟ್ಕೊಂಡೋದ್ ಕಿತ ಸೆರಗಿಗೆ ಸಾರು ಚೆಲ್ಕೊಂಡ್ ಬಂದೆ. ಅದೂ ಯೋಳು” ಎಂದಳು ವಾರಗಿತ್ತಿ.

ನಕ್ಕು ನಕ್ಕು ಮುಂದಿನ ಸಾಲು ಅಲುಗಿತು. ಹಿಂದಿನ ವಿದ್ಯಾರ್ಥಿಗಳು ಈಗ ಅವರನ್ನು ನೋಡಿ ನಗುತ್ತಿರಲಿಲ್ಲ, ಅವರ ಜೊತೆ ನಗುತ್ತಿದ್ದರು. ಅರ್ಧ ಸಿನಿಮಾದ ಹೊತ್ತಿಗೆ ಅವರೂ ಹೂಂಗುಟ್ಟಲು ಶುರುಮಾಡಿದ್ದರು, ತಮಿಳಿನವರು ‘ಅಪ್ಪುರಂ’, ಅಂದರೆ ‘ಆಮೇಲೆ’, ಎನ್ನುತ್ತ, ತೆಲುಗಿನವರು ‘ಊಁ ಊಁ’ ಎನ್ನುತ್ತ. ಒಂದೇ ಒಂದು ಕುರ್ಚಿ ಖಾಲಿಯಿರಲಿಲ್ಲ. ಪ್ರಾಂಶುಪಾಲರು ಆ ಗಳಿಗೆಯಲ್ಲಿ ಬಂದಿದ್ದರೆ ಕಡತಕ್ಕೆ ಅಂಥ ಫೋಟೋ ಮತ್ತೆ ಸಿಗುತ್ತಿರಲಿಲ್ಲ.

ಟೆಂಪೋದವನು ಮಾತಿಗೆ ತಪ್ಪುವವನಲ್ಲ. ನಾಲ್ಕು ಇಪ್ಪತ್ತಕ್ಕೆ ಸರಿಯಾಗಿ ಕೆಳಗಿನಿಂದ ಹಾರನ್ ಕೇಳಿತು. ಪರದೆಯ ಮೇಲೆ ರಾಜಕುಮಾರನ ದೂತ ಬಂದು, ನಾಳೆ ಹೆಪ್ಪುಗಟ್ಟಿದ ಕೆರೆಯನ್ನು ದಾಟಿ ಮದುವೆಗೆ ಬಾ ಎಂದು ಕೋಟು ತೊಟ್ಟವಳಿಗೆ ಆಗಷ್ಟೇ ಹೇಳಿದ್ದ. ಮನೆಯೊಳಗೆ ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಇನ್ನೂ ಹದಿನೇಳು ನಿಮಿಷವಿತ್ತು.

ಮೊದಲು ಎದ್ದವಳು ಅಮ್ಮ.

ನಾನು ಮೈಕಿನಲ್ಲೇ, ದಯವಿಟ್ಟು ಹದಿನೇಳು ನಿಮಿಷ ಕೂತುಕೊಳ್ಳಿ ಎಂದೆ. ಅಷ್ಟು ಜನರ ಎದುರು ನಾನು ಯಾರಿಗಾದರೂ ಏನನ್ನಾದರೂ ಬೇಡಿಕೊಂಡದ್ದು ಅದೇ ಮೊದಲು. ಅಮ್ಮ ಕತ್ತಲಲ್ಲೇ ನನ್ನ ಹತ್ತಿರ ಬಂದು, ಕೊಟ್ಟಿಗೆ ಗುಡಿಸಿ, ಬೂಸಾ ಕಲಸಿ, ಕೆಚ್ಚಲು ತೊಳೆದು, ಕರೆದು, ಸಾಲಿನಲ್ಲಿ ನಿಲ್ಲುವುದಕ್ಕೆ ಎಷ್ಟು ಹೊತ್ತು ಬೇಕೆಂದು ನನಗೆ ಗೊತ್ತಿಲ್ಲವೇ ಎಂದು ಕೇಳಿದಳು. ಗೊತ್ತಿತ್ತು. ಒಂದು ಗಂಟೆ ಬೇಕೇ ಬೇಕು. ಆ ಹಾಲಿನಿಂದಲೇ ನಾನು ಎಂ.ಎ. ಮುಗಿಸಿದ್ದು. ಹೆಂಗಸರೆಲ್ಲ ಚಪ್ಪಲಿ ಹುಡುಕಿಕೊಳ್ಳುತ್ತಿದ್ದರು.

ಅಜ್ಜಿ ಮಾತ್ರ ಎದ್ದಿರಲಿಲ್ಲ. “ಕತೆ ಅರ್ದಕ್ಕೆ ಬುಟ್ಟು ನಾನೆಂಗ್ ಬರ್ಲಿ?” ಎಂದಿತು ಅಮ್ಮನಿಗೆ. “ಪರ್ದೆ ಇಲ್ಲೇ ಇರ್ಲಿ. ಕತೆ ಯೋಳೋಳು ಈ ಪಾಪ ತಾನೆ? ಇವ್ಳನ್ನ ಟೆಂಪೋಗೆ ಅತ್ತಿಸ್ಕೊಳ್ರಿ.”

ಅದಕ್ಕೆ ಎಲ್ಲರೂ ಒಪ್ಪಿದರು. ನನ್ನನ್ನು ಯಾರೂ ಕೇಳಲಿಲ್ಲ. ಗೆಳತಿ ಲ್ಯಾಪ್‌ಟಾಪಿನ ಹಿಂದಿನಿಂದ ಅರ್ಧ ಎದ್ದು, “ಎಲ್ಲಿ ಡೀ ಹೋಗ್ತೀಯ? ಮೇಡಂ ಫೋಟೋಗೆ ಬರ್ತಾರೆ ಈಗ” ಎಂದಳು.

ಅಲ್ಲೇ ನಿಂತಿದ್ದರೆ ಪ್ರಾಂಶುಪಾಲರಿಗೆ ವಿವರಿಸಬಹುದಿತ್ತು: ಅತಿಥಿಗಳ ಭಾಷಣ, ದೀಪ, ಫ್ಯಾನು, ಹಸು. ವಿದ್ಯಾರ್ಥಿಗಳನ್ನಾದರೂ ಮುಂದಿನ ಸಾಲಿಗೆ ಕೂರಿಸಬಹುದಿತ್ತು. ಎರಡು ಗಂಟೆಯ ನನ್ನ ಮೌನ ಆ ಸಭಾಂಗಣದಲ್ಲಿತ್ತು. ಇದನ್ನೆಲ್ಲ ಯೋಚಿಸಿದ್ದು ಮೆಟ್ಟಿಲು ಇಳಿಯುತ್ತ. ನನ್ನ ಕೈಯನ್ನು ಅಜ್ಜಿ ಹಿಡಿದುಕೊಂಡಿತ್ತು, ಇಳಿಯಲು ಆಸರೆಗೋ ನಾನು ತಪ್ಪಿಸಿಕೊಳ್ಳಬಾರದೆಂದೋ ತಿಳಿಯಲಿಲ್ಲ. ಹಿಂದೆಯೇ ವಿದ್ಯಾರ್ಥಿಗಳೂ ಇಳಿದುಬಂದರು. ಬಂಗಾರಪೇಟೆ ಕಡೆಯ ಐದಾರು ಹುಡುಗಿಯರು, ಕೊನೆಯನ್ನು ನೀವು ಹೇಳುವುದಾದರೆ ನಾವೂ ಬರುತ್ತೇವೆ ಎಂದು ಟೆಂಪೋದ ಹಿಂದುಗಡೆ ಹತ್ತಿದರು. ಉಳಿದವರು, ಶನಿವಾರವಾದ್ದರಿಂದ, ಮಾಯವಾದರು.

ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಅಜ್ಜಿ ಡ್ರೈವರಿಗೆ ಹೇಳಿ ಎರಡೂ ಕಡೆಯ ಟಾರ್ಪಾಲು ಇಳಿಬಿಡಿಸಿತು. ಒಳಗೆ ಮಬ್ಬು, ಸೆಕೆ, ಮಲ್ಲಿಗೆ ಹೂವಿನ ಜೊತೆ ಕೊಟ್ಟಿಗೆಯ ವಾಸನೆ. ನಾನು ಸ್ಟೆಪ್ನಿ ಟೈರಿನ ಮೇಲೆ ಕೂತೆ. ಕೈಯಲ್ಲಿ ಕಾಗದವಿರಲಿಲ್ಲ, ಮೇಲೆಯೇ ಬಿಟ್ಟು ಬಂದಿದ್ದೆ. ಗಾಡಿ ಚಿನ್ನದ ಗಣಿಯ ಸೈನೈಡ್ ಮಣ್ಣಿನ ದಿಬ್ಬದ ಪಕ್ಕದ ತಿರುವು ದಾಟುವ ಹೊತ್ತಿಗೆ ಶುರುಮಾಡಿದೆ.

ಕೊನೆಯ ಆ ಭಾಗ ಹೀಗಿದೆ. ಮದುವೆಯ ಬೆಳಗ್ಗೆ ಮೂವರೂ ಒಲೆಯ ಮುಂದೆ ಕೂತಿರುತ್ತಾರೆ. ಕೋಟು ಗೂಟದಲ್ಲಿ ತೂಗಾಡುತ್ತಿರುತ್ತದೆ. ಒಬ್ಬಳು ದೀಪ ಆರಿಸುತ್ತಾಳೆ, ಯಾರೆಂದು ಕಾಣುವುದಿಲ್ಲ. ಬಾಗಿಲು ತೆರೆಯುತ್ತದೆ. ಮುಖದವರೆಗೂ ಎಳೆದುಕೊಂಡ ಕೋಟು ಹೊರಬಂದು ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆಯತೊಡಗುತ್ತದೆ. ನಡೆಯುತ್ತದೆ, ನಡೆಯುತ್ತದೆ. ಆಚೆ ದಡದಲ್ಲಿ ರಾಜಕುಮಾರ ಚುಕ್ಕಿಯಷ್ಟು ಕಾಣುತ್ತಾನೆ. ಕೆರೆಯ ನಟ್ಟನಡುವೆ ಕೋಟು ನಿಲ್ಲುತ್ತದೆ. ಕ್ಯಾಮೆರಾ ದೂರ ಹೋಗುತ್ತದೆ. ಮತ್ತೆ ಹತ್ತಿರ ಬಂದಾಗ ಹಿಮದ ಮೇಲೆ ಕೋಟು ಮಾತ್ರ ಮಡಿಸಿಟ್ಟಿದೆ. ಒಳಗೆ ಯಾರೂ ಇಲ್ಲ. ಅಲ್ಲಿಗೆ ಮುಗಿಯಿತು.

ಮುಗಿಯಿತು ಎಂದು ನಾನು ಹೇಳಿದ ಮೇಲೂ ಅವರು “ಊಂ” ಎಂದರು. ಮುಂದೆ ಹೇಳು ಎಂದು.

“ಯಾರು ಓಗಿದ್ದು?” ಎಂದು ಕೇಳಿದವಳು ರೇಷ್ಮೆ ಸೀರೆಯ ಹೆಂಗಸು. ಆಮೇಲೆ ಟೆಂಪೋ ಇಬ್ಭಾಗವಾಯಿತು. ದೊಡ್ಡವಳು ಮನೆಯಲ್ಲಿರುವಾಗ ಚಿಕ್ಕವರ ಮದುವೆ ಹೇಗೆ ಮಾಡುತ್ತಾರೆ, ಹೋದವಳು ದೊಡ್ಡವಳೇ ಎಂದು ವಯಸ್ಸಾದವರು. ಅವನು ಮನಸೋತದ್ದು ಹಾಡಿಗೆ, ಹೋದವಳು ಚಿಕ್ಕವಳು ಎಂದು ಕಾಲೇಜು ಹುಡುಗಿಯರು. ಡ್ರೈವರು ಕೂಡ ಮುಂದಿನಿಂದ ಒಂದು ಮಾತು ಸೇರಿಸಿದ, ಅವನನ್ನು ರಸ್ತೆ ನೋಡಲು ಹೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು.

ಸಿನಿಮಾದಲ್ಲಿ ಅದನ್ನು ತೋರಿಸಿಲ್ಲ, ನೋಡುವವರಿಗೇ ಬಿಟ್ಟಿದ್ದಾರೆ ಎಂದೆ. ಅದು ನಿಖರವಾದ ಉತ್ತರ. ಎಂ.ಎ. ತರಗತಿಯಲ್ಲಿ ಅದಕ್ಕೆ ಅಂಕ ಸಿಗುತ್ತಿತ್ತು.

ಅಜ್ಜಿ ನನ್ನ ಮೊಣಕಾಲು ಹಿಡಿದುಕೊಂಡಿತು. “ಇಲ್ಲೀಗಂಟ ಮೇಕೆ ಎಷ್ಟನೇ ಮರಿ ಆಕಿದ್ದು ಅಂಬೋದೂ ನಿಂಗೆ ಗೊತ್ತಿತ್ತು. ಈಗ ಇದೊಂದು ಗೊತ್ತಿಲ್ವಾ?”

ಟೆಂಪೋ ಒಂದು ಗುಂಡಿಗೆ ಇಳಿದು ಎದ್ದಿತು.

“ನಡುವಿನವಳು” ಎಂದೆ.

ಯಾರೂ ಅವಳ ಬಗ್ಗೆ ಯೋಚಿಸಿಯೇ ಇರಲಿಲ್ಲ. ಅವಳು ಎಲ್ಲಿಗೆ ಹೋದಳು, ಕೋಟು ಬಿಚ್ಚಿಟ್ಟು ಆ ಚಳಿಯಲ್ಲಿ ಎಂದು ಹಿಂದಿನಿಂದ ಒಬ್ಬಳು ಕೇಳಿದಳು. ಓಡಿಹೋದಳು, ರಾಜಕುಮಾರನ ಕಡೆಗಲ್ಲ, ಮೂರನೆಯ ಒಂದು ದಡಕ್ಕೆ, ಓಡುವವರಿಗೆ ಚಳಿಯಾಗುವುದಿಲ್ಲ ಎಂದೆ. ಮತ್ತೆ ಕೋಟು ಯಾಕೆ ಮಡಿಸಿಟ್ಟಳು? ಉಳಿದ ಇಬ್ಬರಿಗೆ ಬೇಕಲ್ಲ ಎಂದೆ. ಅದು ಅವರಿಗೆ ಸರಿ ಕಂಡಿತು. ವಾರಗಿತ್ತಿ, ಅಷ್ಟು ಬುದ್ಧಿ ಬೇರೆ ಕೆಲವರಿಗೂ ಇದ್ದಿದ್ದರೆ ಸೆರಗಿಗೆ ಸಾರು ಬೀಳುತ್ತಿರಲಿಲ್ಲ ಎಂದು ರೇಷ್ಮೆ ಸೀರೆಯವಳ ಕಡೆ ನೋಡದೆ ಹೇಳಿದಳು.

ಅಮ್ಮ ಮಾತ್ರ ನನ್ನನ್ನೇ ನೋಡುತ್ತಿದ್ದಳು. ನಮ್ಮ ಮನೆಯಲ್ಲೂ ಮೂವರು ಹೆಣ್ಣುಮಕ್ಕಳು. ನಾನು ಎಷ್ಟನೆಯವಳು ಎಂಬುದು ಆ ಟೆಂಪೋದಲ್ಲಿದ್ದ ನಮ್ಮೂರಿನವರಿಗೆಲ್ಲ ಗೊತ್ತಿತ್ತು. ಇಲ್ಲಿ ಬರೆಯುವ ಅಗತ್ಯವಿಲ್ಲ.

ಹಾಲು ಆರರೊಳಗೆ ಡೈರಿ ಸೇರಿತು.

ಸೋಮವಾರ ಬೆಳಗ್ಗೆ ಪ್ರಾಂಶುಪಾಲರು ಕರೆಸಿದರು. ಮೇಜಿನ ಮೇಲೆ ಅವರ ಫೋನು, ಫೋನಿನಲ್ಲಿ ಫೋಟೋ: ಬ್ಯಾನರು, ಪರದೆ, ಅರವತ್ತು ಖಾಲಿ ಕುರ್ಚಿ, ಒಂದು ಮೂಲೆಯಲ್ಲಿ ನನ್ನ ಗೆಳತಿಯ ಹಣೆ. ನಾಲ್ಕು ಇಪ್ಪತ್ತೈದಕ್ಕೆ ಬಂದಿದ್ದರಂತೆ. ಗೆಳತಿ, ಕೂತುಕೊಳ್ಳಿ ಮೇಡಂ ಎಂದು ಮೊದಲ ಸಾಲಿನ ಕುರ್ಚಿ ತೋರಿಸಿದ್ದಳು. ಓಡುತ್ತಿರುವ ಸಿನಿಮಾಕ್ಕೆ ಬೆನ್ನು ಹಾಕಿ ಬೈಯುವುದು ಸರಿಯಲ್ಲವೆಂದು ಅವರೂ ಕೂತಿದ್ದರು. ಅಷ್ಟರಲ್ಲಿ ಕೋಟು ಮನೆಯಿಂದ ಹೊರಬಿದ್ದು ಕೆರೆಗೆ ಇಳಿದಿತ್ತು. ಹಾಗಾಗಿ ಕೊನೆಯ ಭಾಗವನ್ನು ಪರದೆಯ ಮೇಲೆ ನೋಡಿದವರು ಇಡೀ ಕಾಲೇಜಿನಲ್ಲಿ ಅವರಿಬ್ಬರೇ.

ನಾನು ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಅವರು, “ಚೆನ್ನಾಗಿತ್ತು ರೀ. ಒಬ್ಬಳೇ ಹೆಂಗಸು, ಅಷ್ಟು ದೊಡ್ಡ ಕೆರೆ. ಬೇಡ ಅನ್ನಿಸ್ತು, ಕೋಟು ಬಿಚ್ಚಿಟ್ಟು ಹೊರಟುಹೋದಳು. ನನಗೆ ಇಷ್ಟವಾಯ್ತು” ಎಂದರು.

ಮೇಡಂ, ಅವರು ಮೂವರು ಎಂದೆ.

“ಯಾವ ಮೂವರು?”

ಹೇಳಿದೆ. ಒಂದು ಕೋಟು, ಮೂವರು ಅಕ್ಕತಂಗಿಯರು, ಊರಿನವರ ಕಣ್ಣಿಗೆ ಒಬ್ಬಳೇ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೊದಲಿನಿಂದ ಹೇಳಿ ಎಂದರು. ನಾನು ನಿಂತುಕೊಂಡೇ ಹೇಳುತ್ತಿದ್ದೆ, ಮೇಕೆಯ ಹೊತ್ತಿಗೆ ಕುರ್ಚಿಯಲ್ಲಿ ಕೂತಿದ್ದೆ. ಎರಡನೇ ಗಂಟೆ ಹೊಡೆಯಿತು. ಯಾರೋ ಸಹಿಗೆ ಬಂದು ಬಾಗಿಲಲ್ಲೇ ನಿಂತು ಹಿಂದಿರುಗಿದರು. ಪ್ರಾಂಶುಪಾಲರು ಹೂಂಗುಟ್ಟಲಿಲ್ಲ, ಅವರ ಊರು ಬೇರೆ ಕಡೆ. ಆದರೆ ಸಂತೆಯ ಮೀನಿನವಳ ಜಗಳಕ್ಕೆ ನಕ್ಕರು. ಅದು ಸಿನಿಮಾದಲ್ಲಿಲ್ಲ ಎಂದು ನಾನು ತಿಳಿಸಲಿಲ್ಲ.

ಮುಗಿದ ಮೇಲೆ ಕನ್ನಡಕ ಹಾಕಿಕೊಂಡು ಮತ್ತೆ ಮೊದಲಿನ ಹೆಂಗಸಾದರು. ಷರತ್ತು ಷರತ್ತೇ, ಸಭಾಂಗಣಕ್ಕೆ ಇವತ್ತೇ ಕಟ್ಟುಗಳು ಬರುತ್ತವೆ ಎಂದರು. ನಾನು ತಲೆಯಾಡಿಸಿ ಎದ್ದೆ. ಬಾಗಿಲ ಹತ್ತಿರ ಹೋದಾಗ ಅವರು ಕಡತದಿಂದ ತಲೆಯೆತ್ತದೆ ಹೇಳಿದರು.

“ನಾನು ಹೇಳಿದ್ದು ಸಭಾಂಗಣದ ಮಾತು. ಪ್ರೊಜೆಕ್ಟರ್ ಮಾತು ಹೇಳಿರಲಿಲ್ಲ. ದತ್ತುಗ್ರಾಮದಲ್ಲಿ ಎಲ್ಲಾದರೂ ಒಂದು ಗೋಡೆ ಇರಬೇಕಲ್ಲ?”

ಗೋಡೆ ಇತ್ತು, ಡೈರಿಯದು. ಬೆಳಗಿನ ಹಾಲು ಒಂಬತ್ತಕ್ಕೆ ಮುಗಿದರೆ ಸಂಜೆ ಐದರವರೆಗೆ ಆ ಕಟ್ಟಡ ಸುಮ್ಮನಿರುತ್ತದೆ. ಈಗ ತಿಂಗಳಿಗೊಂದು ಭಾನುವಾರ ಹನ್ನೊಂದು ಗಂಟೆಗೆ, ಕಿಟಕಿಗಳಿಗೆ ಅದೇ ಕಪ್ಪು ಬೆಡ್‌ಶೀಟು ಕಟ್ಟಿ, ಅಲ್ಲಿ ಸಿನಿಮಾ. ಮಾತಿಲ್ಲದೆ ಕೂರುವ ನನ್ನ ಎರಡು ಗಂಟೆ ಹೋಯಿತು. ಅಲ್ಲಿ ನಾನು ಅರ್ಧ ನಿಮಿಷ ಸುಮ್ಮನಾದರೂ ಯಾರಾದರೂ ಕೇಳುತ್ತಾರೆ. ಮೊದಲ ಭಾನುವಾರ ಪ್ರಾಂಶುಪಾಲರೂ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು, ಫೋಟೋ ಮೊದಲೇ ತೆಗೆಸಿದರು. ಆ ಗೋಡೆಯ ಮೇಲೆ ಹಿಂದೆ ಯಾವಾಗಲೋ ದೊಡ್ಡದೊಂದು ಹಸುವಿನ ಚಿತ್ರ ಬರೆಸಿದ್ದಾರೆ, ಸುಣ್ಣ ಹೊಡೆದರೂ ಅದು ಪೂರ್ತಿ ಮುಚ್ಚಿಲ್ಲ. ಮರಳುಗಾಡಿನ ರಾಣಿಯೊಬ್ಬಳ ಸಿನಿಮಾ ಶುರುವಾಗಿ ಐದು ನಿಮಿಷವಾಗಿರಲಿಲ್ಲ, ಅವಳ ಡೇರೆಯ ಹಿಂದೆ ಕಾಣುತ್ತಿರುವ ಆ ಹಸು ಯಾರದ್ದು ಎಂದು ಎರಡನೇ ಸಾಲಿನಿಂದ ಪ್ರಶ್ನೆ ಬಂತು. ಒಂದು ಕ್ಷಣ ಯೋಚಿಸಿ, ಅದು ರಾಣಿ ತವರಿನಿಂದ ತಂದದ್ದು ಎಂದೆ.